ಹಿಡಿ ಮಣ್ಣಿನ ಸೂಚಕ

ನಾಚಾರಂ ನಾಲೆಯ ಆಚೆ ದಂಡೆಯಲ್ಲಿ, ಜಾಲಿ ಗಿಡದ ಬುಡದಲ್ಲಿ ಕಾಯಂ ವಾಸವಾಗಿರುವ ಗದಿಗೆಮ್ಮಗೆ ನಾರಾಯಣಗೂಡದ ಅಮೃತಪ್ಪ ಮಾಸ್ತರ ಮಾಡುವ ಶರಣು.

ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಮೊದಲ ಸಾಲು ಹಾಕುವುದು ನಮ್ಮ ಹಿರಿಯರ ಪದ್ಧತಿ. ಇತ್ತ ಎಲ್ಲರೂ ಕ್ಷೇಮವಿಲ್ಲ. ಅತ್ತ ನೀನು ಬರೆಯುವ ಸ್ಥಿತಿಯಲ್ಲಿಲ್ಲ. ನಿನಗೆ ಅಕ್ಷರ ಬರುತ್ತಿರಲಿಲ್ಲ ಎನ್ನುವುದು ಒಂದು ಅಡ್ಡಿ, ನೀನು ಸತ್ತಿದ್ದೀ ಎನ್ನುವುದು ಇನ್ನೊಂದು. ಇಂಥ ಚಿಲ್ಲರೆ ಅಡ್ಡಿಗಳಿಗೆಲ್ಲ ಹೆದರಿ ಕೂತರೆ ಹಾಸ್ಯ ಅಂಕಣ ಬರೆಯುವವನ ಹೊಟ್ಟೆ ತುಂಬುವುದಿಲ್ಲ. ನಾನು ವಾರವಾರ ಬರೆಯುವುದನ್ನು ಬದುಕಿರುವ, ಅಕ್ಷರ ಬಲ್ಲ ಜನವೂ ಓದುವುದಿಲ್ಲ. ಹಾಗೆ ನೋಡಿದರೆ ನನ್ನ ಓದುಗರ ಸಾಲಿನಲ್ಲಿ ನೀನು ಹೆಚ್ಚು ಬೇರೆಯವಳೇನೂ ಅಲ್ಲ.

ಕುಮುದಾ ಹೋದ ವಾರ ಮನೆಗೆ ಬಂದಿದ್ದಳು. ನೆನಪಿದೆಯಲ್ಲ, ಸಂಸ್ಥೆಯ ಆ ಹುಡುಗಿ, ಹೆಗಲಿಗೆ ಚೀಲ, ಚೀಲದಲ್ಲಿ ಸದಾ ಬಣ್ಣದ ಸ್ಕೆಚ್ ಪೆನ್ನುಗಳು, ನೀನು ‘ಬಣ್ಣದ ಬಾಯಿ’ ಎಂದು ಕರೆಯುತ್ತಿದ್ದೆಯಲ್ಲ, ಅವಳೇ. ನಿಮ್ಮ ಕೂಲಿಕಾರರ ಬಸ್ತಿಯ ಯೋಜನೆ ಮುಗಿಯಿತಂತೆ. ಕೊನೆಯಲ್ಲಿ ಒಂದು ಹೊಳೆಯುವ ಪುಸ್ತಕ ಬರಬೇಕು, ಅದರಲ್ಲಿ ನಿನ್ನ ‘ಯಶೋಗಾಥೆ’ ಇರಬೇಕು, ಅದನ್ನು ಕನ್ನಡದಲ್ಲಿ ನಾನು ಬರೆಯಬೇಕು. “ಒಂದೇ ಪುಟ ಸಾಕು ಸರ್. ನಗು ಇದ್ದರೂ ಪರವಾಗಿಲ್ಲ. ಆದರೆ ಕೊನೆಗೆ ಭರವಸೆ ಇರಬೇಕು,” ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಟೀ ಲೋಟದೊಳಗೆ ನೋಡುತ್ತಿದ್ದಳು.

ನಾನು ಕೂತೆ. ‘ಗದಿಗೆಮ್ಮ ಒಬ್ಬ ಸಾಮಾನ್ಯ ಮಹಿಳೆ’ ಎಂದು ಶುರುಮಾಡಿದೆ. ನೀನು ಕೇಳಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಹಾಳೆ ಹರಿದು, ಯಶೋಗಾಥೆಯ ಬದಲು ಈ ಪತ್ರ ಹಿಡಿದಿದ್ದೇನೆ. ಭರವಸೆಯ ವಿಷಯ ಕೊನೆಗೆ ನೋಡೋಣ.

ನಾನು ನಿಮ್ಮ ಬಸ್ತಿಗೆ ಕಾಲಿಟ್ಟದ್ದೇ ಒಂದು ತಮಾಷೆ. ಆ ಸಂಸ್ಥೆಯವರಿಗೆ ಇಂಗ್ಲಿಷ್ ಬರುತ್ತಿತ್ತು, ತೆಲುಗು ಬರುತ್ತಿತ್ತು, ಬಡವರ ಮೇಲೆ ಪ್ರೀತಿ ಮಾಡಲು ಬರುತ್ತಿತ್ತು. ಕೂಲಿಗೆಂದು ಬಂದ ನೀವಾಡುವ ಯಾದಗಿರಿ ಕಡೆಯ ಕನ್ನಡ ಬರುತ್ತಿರಲಿಲ್ಲ. ಕುಮುದಾಳದು ನಾಲ್ಕು ತಲೆಮಾರಿನ ಹಿಂದೆ ಕಲಬುರಗಿಯಿಂದ ಬಂದ ಬಟ್ಟೆ ವ್ಯಾಪಾರಿಗಳ ಮನೆ. ಅವಳ ಕನ್ನಡ ಅಜ್ಜಿಯ ಜೊತೆ ಅಡುಗೆಮನೆಯಲ್ಲಷ್ಟೇ ಬಳಕೆಯಾದದ್ದು. ಉಪ್ಪು, ಹುಳಿ, ಮುಟ್ಟಬೇಡ, ಸಾಕು – ಇಷ್ಟರಲ್ಲಿ ಸಮುದಾಯದ ಅಭಿವೃದ್ಧಿ ಮಾಡುವುದು ಕಷ್ಟ. ಹಾಗಾಗಿ ನಿವೃತ್ತ ಕನ್ನಡ ಮಾಸ್ತರನಾದ ನನ್ನನ್ನು ದುಭಾಷಿಯಾಗಿ ಹಿಡಿದು ತಂದರು. ಬಂದ ಮೊದಲ ದಿನವೇ ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಾಸ್ತರ್ರ, ನೀವು ಮಂದಿನ್ನ ನಗಸಾಕ ಪೇಪರಿನ್ಯಾಗ ಬರೀತೀರಂತ ಹೌದೇನ್ರಿ?” ಎಂದು ಕೇಳಿದೆ. ಹೌದವ್ವ ಎಂದೆ. “ಅಷ್ಟೂ ತ್ರಾಸ ಐತೇನ್ರಿ ನಿಮ್ಮ ಮಂದಿಗೆ?” ಎಂದೆ ನೀನು. ನನ್ನ ಅಂಕಣಕ್ಕೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಅದೇ ಉತ್ತಮವಾದದ್ದು.

ಆಗ ಈ ಭಾಗ್ಯನಗರಕ್ಕೆ ಹೊಸ ಜ್ವರ ಬಂದಿತ್ತು. ನಮ್ಮ ನಾರಾಯಣಗೂಡದ ಓಣಿಯಲ್ಲಿ ಎರಡು ಮನೆಗೊಂದು ಕೋಚಿಂಗ್ ಸೆಂಟರ್. ಕಿಟಕಿ ತೆರೆದರೆ ಕಂಪ್ಯೂಟರ್ ಭಾಷೆಗಳ ಹೆಸರು ಮಂತ್ರದ ಹಾಗೆ ಕೇಳುತ್ತಿತ್ತು. ನಮ್ಮ ಓಣಿ ಎಂಜಿನಿಯರುಗಳನ್ನು ತಯಾರಿಸುತ್ತಿತ್ತು, ನಿಮ್ಮ ಬಸ್ತಿ ಅವರು ಕೂರುವ ಕಟ್ಟಡಗಳನ್ನು ತಯಾರಿಸುತ್ತಿತ್ತು. ಬೆಳಿಗ್ಗೆ ಲಾರಿ ಬರುತ್ತಿತ್ತು. ನೀವೆಲ್ಲ ಬುಟ್ಟಿ, ಸಲಿಕೆ, ಬುತ್ತಿ, ಕೂಸುಗಳ ಸಮೇತ ಹತ್ತಿ ನಿಲ್ಲುತ್ತಿದ್ದಿರಿ. ಉಪ್ಪಲ್ ರಸ್ತೆಯಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು. ಸಂಜೆ ಅದೇ ಲಾರಿ ನಿಮ್ಮನ್ನು ಸುಣ್ಣ ಬಳಿದ ಗೊಂಬೆಗಳ ಹಾಗೆ ತಂದು ಇಳಿಸುತ್ತಿತ್ತು.

ಇನ್ನು ಆ ಸಭೆಯ ವಿಷಯ. ಹೆಸರನ್ನು ತಪ್ಪಾಗಿ ಅಣ್ಣೆಮ್ಮ ಎಂದು ಬರೆದುಕೊಂಡು ಬೈಸಿಕೊಂಡೆನಲ್ಲ ನಾನು, ನಿಮ್ಮ ಬಸ್ತಿಯ ಆ ಅನ್ನಮ್ಮನ ಗುಡಿಸಲ ಮುಂದೆ, ಭಾನುವಾರ. ಕುಮುದಾ ನೆಲದ ಮೇಲೆ ರಂಗೋಲಿ ಪುಡಿಯಿಂದ ದುಂಡು ದುಂಡಾಗಿ ಖಾಲಿ ಮನೆಗಳನ್ನು, ಒಂದೊಂದು ಉತ್ತರಕ್ಕೆ ಒಂದೊಂದರಂತೆ, ಬರೆದಳು. ಪ್ರತಿಯೊಬ್ಬರ ಕೈಗೂ ಒಂದೊಂದು ಹಿಡಿ ಜೋಳ ಕೊಟ್ಟಳು. ಹಿಂದೆಲ್ಲ ಬಡವರು ಉದ್ಧಾರವಾದರೋ ಇಲ್ಲವೋ ಎನ್ನುವುದನ್ನು ದಿಲ್ಲಿಯಲ್ಲೋ ಅದರಾಚೆಯೋ ಕೂತವರು ತೀರ್ಮಾನಿಸುತ್ತಿದ್ದರಂತೆ. ಈಗ ಕಾಲ ಸುಧಾರಿಸಿದೆ. ಬಡವರೇ ಹೇಳಬೇಕು: ಯಾವ ಗುರುತು ಕಂಡರೆ ನಮ್ಮ ಬದುಕು ಮೇಲಾಯಿತು ಎಂದು ನಂಬುತ್ತೇವೆ? ಆ ಗುರುತಿಗೆ ‘ಸೂಚಕ’ ಎಂದು ಹೆಸರು. ಹೆಚ್ಚು ಜೋಳ ಯಾವ ಮನೆಗೆ ಬೀಳುತ್ತದೋ ಆ ಸೂಚಕದ ಮೇಲೆ ಯೋಜನೆ ಮಾಡುವುದು. ಕೊನೆಗೆ ಅದೇ ಸೂಚಕ ಹಿಡಿದು ಯೋಜನೆ ಗೆದ್ದಿತೋ ಸೋತಿತೋ ಅಳೆಯುವುದು. ಇದನ್ನೆಲ್ಲ ನಾನು ಕನ್ನಡಿಸಿ ಹೇಳಿ, ಬೆವರು ಒರೆಸಿಕೊಂಡು, “ಈಗ ಹೇಳ್ರಿ, ನಿಮ್ಮ ಬಸ್ತಿ ಸುಧಾರಿಸಿತು ಅಂತ ನಿಮಗೆ ಹೆಂಗ ಗೊತ್ತಾಗತೈತಿ?” ಎಂದು ಕೇಳಿದೆ.

ಮುದುಕ ಶಾಂತಪ್ಪ ಬೀಡಿ ಬಾಯಿಂದ ತೆಗೆದು, “ನೀವು ಬರೋದು ಬಿಟ್ರ ಗೊತ್ತಾಗತೈತ್ರಿ,” ಎಂದ.

ಯಾರ ಮಾತನ್ನೂ ಬಿಡಬಾರದು ಎನ್ನುವುದು ನಿಯಮ. ಕುಮುದಾ ಗಂಭೀರವಾಗಿ ಅದಕ್ಕೂ ಒಂದು ಮನೆ ಬರೆದಳು. ಅದಕ್ಕೆ ಸಾಕಷ್ಟು ಜೋಳವೂ ಬಿದ್ದಿತು.

“ನಲ್ಲಿ ಮುಂದ ನಮ್ಮ ಜಗಳ ನಿಂತ್ರ ನೀರು ಬಂತು ಅಂತ ತಿಳಕೋರಿ,” ಎಂದಳು ಅನ್ನಮ್ಮ. ಒಳ್ಳೆಯ ಸೂಚಕ. ಜಗಳ ಎಣಿಸುವುದು ಸುಲಭ, ಅನ್ನಮ್ಮ ಬಸ್ತಿಯಲ್ಲಿ ಇರುವವರೆಗೆ ಎಣಿಸಲು ಕೊರತೆಯೂ ಆಗುವುದಿಲ್ಲ. ಮೇಸ್ತ್ರಿ ಬಂಡೆಪ್ಪ ಸಭೆಗೆ ಸೇರದೆ, ಮೋಟರ್‌ಸೈಕಲ್ಲಿನ ಮೇಲೆ ಕೂತೇ, “ಟಿವಿ ಅಂತ ಬರಕೋರಿ, ಟಿವಿ ಬಂತು ಅಂದ್ರ ಎಲ್ಲಾ ಬಂದಂಗ,” ಎಂದು ಕೂಗಿದ. ನಿಮ್ಮ ಸೀಮೆಯವನೇ ಆದರೂ ಅವನು ಕಾಂಟ್ರಾಕ್ಟರನ ಮನುಷ್ಯ; ಲಾರಿಗೆ ನಿಮ್ಮನ್ನು ಹತ್ತಿಸುವುದು, ಇಳಿಸುವುದು ಅವನ ಕೆಲಸ.

ನೀನು ಕೊನೆಗೆ ಬಾಯಿ ತೆರೆದೆ. ಕೈಯಲ್ಲಿ ಜೋಳ ಹಾಗೇ ಇತ್ತು. “ನಮ್ಮ ಸತ್ತವರು ಇಲ್ಲೇ ಉಳದ್ರ,” ಎಂದೆ, “ನಾವು ಸುಧಾರಿಸೀವಿ ಅಂತ ಬರಕೋರಿ.”

ಕುಮುದಾ ನನ್ನ ಕಡೆ ನೋಡಿದಳು. ನನಗೆ ಸರಿಯಾಗಿ ಕೇಳಿತ್ತು. ಆದರೂ ಇನ್ನೊಮ್ಮೆ ಹೇಳಿಸಿದೆ. ಆಗ ನೀನು ಚಂದ್ರಾಮನ ಕಥೆ ಹೇಳಿದೆ. ಬಸ್ತಿಯವರಿಗೆಲ್ಲ ಗೊತ್ತಿದ್ದದ್ದು, ನಮ್ಮಿಬ್ಬರಿಗೆ ಹೊಸದು.

ನಿನ್ನ ಗಂಡ ಚಂದ್ರಾಮ ಸೆಂಟ್ರಿಂಗ್ ಹಲಗೆಯಿಂದ ಜಾರಿ ಬಿದ್ದದ್ದು ಮಧ್ಯಾಹ್ನ. ನೀನು ಕಟ್ಟಡದ ಇನ್ನೊಂದು ಮೂಲೆಯಲ್ಲಿ ಮರಳು ಸೋಸುತ್ತಿದ್ದೆ. ಸಂಜೆ ಲಾರಿ ಹತ್ತುವಾಗ ಗಂಡ ಕಾಣಲಿಲ್ಲ. ಕೇಳಿದ್ದಕ್ಕೆ ಬಂಡೆಪ್ಪ, “ಅಂವ ಊರಿಗೆ ಹೋದ್ನವ್ವಾ,” ಎಂದ. ನಿನಗೆ ಸಿಟ್ಟು ಬಂತು. ಹೇಳದೆ ಕೇಳದೆ ಊರಿಗೆ ಹೋಗುವಂಥದ್ದು ಏನಿತ್ತು ಎಂದು ಲಾರಿಯಲ್ಲಿ ಬೈದೆ, ಇಳಿದು ಬೈದೆ, ರೊಟ್ಟಿ ತಟ್ಟುತ್ತ ಬೈದೆ. “ಬರಲಿ ಮಗ, ಕಾಲು ಮುರೀತೀನಿ ಅಂದಿದ್ದೆ ನೋಡ್ರಿ,” ಎಂದು ಸಭೆಯಲ್ಲಿ ಹೇಳುವಾಗ ನಿನ್ನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮರುದಿನ ಊರಿನಿಂದ ಫೋನು ಬಂತು. ಬಸ್ಸು ಹಿಡಿದು ನೀನು ಮುಟ್ಟುವಷ್ಟರಲ್ಲಿ ಬೇಸಿಗೆಯ ಹೆಣ, ಇಡಲಾಗದೆ ಮಣ್ಣು ಮಾಡಿ ಮುಗಿಸಿದ್ದರು. ನಿಮ್ಮಲ್ಲಿ ಗುಂಡಿಗೆ ಇಳಿಸಿದ ಮೇಲೆ ಮನೆಯವರು, ಓಣಿಯವರು ಒಬ್ಬೊಬ್ಬರೇ ಬಗ್ಗಿ ಹಿಡಿ ಮಣ್ಣು ಹಾಕುತ್ತಾರೆ. ಹಿಡಿ ಮಣ್ಣು ಹಾಕಿದವರಿಗೆ ಮಾತ್ರ ಸತ್ತವರು ಸತ್ತರು ಎಂದು ನಂಬಿಕೆಯಾಗುತ್ತದೆ. ನಿನ್ನ ಹಿಡಿ ನಿನ್ನ ಕೈಯಲ್ಲೇ ಉಳಿಯಿತು. “ಇನ್ನಾ ಅಂವ ಊರಿಗೆ ಹೋಗ್ಯಾನ ಅಂತ ಅನಸ್ತೈತ್ರಿ ನನಗ. ಈಗೂ ಒಂದೊಂದು ಸಲ ಬೈತೀನಿ,” ಎಂದೆ.

ನಮ್ಮ ಭಾಗ್ಯನಗರದ ಮಹಿಮೆ ನನಗೆ ಅವತ್ತು ತಿಳಿಯಿತು. ಇಲ್ಲಿ ಕೂಲಿಯವರು ಎಷ್ಟನೆಯ ಮಹಡಿಯಿಂದ ಬಿದ್ದರೂ ಸಾಯುವುದಿಲ್ಲ, ಊರಿಗೆ ಹೋಗುತ್ತಾರೆ. ಕೂಲಿ ಏರಿಸಿ ಎಂದರೆ ತಿಂಗಳುಗಟ್ಟಲೆ ಕಾಣಿಸಿಕೊಳ್ಳದ ಕಾಂಟ್ರಾಕ್ಟರನ ಉದಾರ ಮನಸ್ಸು ಇಂಥ ಹೊತ್ತಿನಲ್ಲಿ ಮಾತ್ರ ಉಕ್ಕಿ ಹರಿದು, ಕ್ಷಣದಲ್ಲಿ ಟೆಂಪೋ ಬರುತ್ತದೆ. ಪೊಲೀಸರು ಬರುವ ಮೊದಲು ಬರುತ್ತದೆ, ಹೆಂಡತಿ ಬರುವ ಮೊದಲು ಬರುತ್ತದೆ. ಹೆಣ ರಾಜ್ಯದ ಗಡಿ ದಾಟಿತೆಂದರೆ ಸಾವೂ ಗಡಿ ದಾಟಿತು. ಕಟ್ಟಡಕ್ಕೆ ಸೂತಕವಿಲ್ಲ.

ಬಂಡೆಪ್ಪನಿಗೆ ಕಸಿವಿಸಿಯಾಗಿರಬೇಕು. “ಇದ್ದವರಿಗೆ ಜಾಗಾ ಇಲ್ಲ, ಸತ್ತವರಿಗೆ ಪ್ಲಾಟ್ ಕೇಳಾಕತ್ಯಾಳ ನೋಡ್ರಿ ಮಹಾರಾಣಿ!” ಎಂದು ನಕ್ಕ. “ನೀ ಟೆಂಪೋ ತರೋದು ಬಿಡೋ ಬಂಡ್ಯಾ, ನಾ ಪ್ಲಾಟ್ ಕೇಳೋದು ಬಿಡ್ತೀನಿ,” ಎಂದೆ ನೀನು. ಆಮೇಲೆ ಬಗ್ಗಿ, ಕುಮುದಾ ಇನ್ನೂ ಬರೆಯದೆ ನಿಂತಿದ್ದ ಜಾಗದಲ್ಲಿ ಬೆರಳಿನಿಂದಲೇ ಒಂದು ಮನೆ ಗೀರಿ, ನಿನ್ನ ಹಿಡಿ ಜೋಳವನ್ನಷ್ಟೂ ಅದರಲ್ಲಿ ಸುರಿದೆ. ಅನ್ನಮ್ಮ ಎದ್ದಳು. ನಲ್ಲಿಯ ಮನೆಗೆ ಹಾಕಿದ್ದ ತನ್ನ ಜೋಳವನ್ನು ಗೋರಿ ತಂದು ನಿನ್ನ ಮನೆಗೆ ಹಾಕಿದಳು. ಹೀಗೆ ಹಾಕಿದ್ದನ್ನು ತೆಗೆಯುವುದು ನಿಯಮಕ್ಕೆ ವಿರುದ್ಧ ಎಂದು ಕುಮುದಾ ಹೇಳಲು ಹೊರಟವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಒಬ್ಬೊಬ್ಬರೇ ಬಗ್ಗಿದರು. ನೋಡುತ್ತಿದ್ದರೆ ಅದು ಮತದಾನದ ಹಾಗೆ ಕಾಣುತ್ತಿರಲಿಲ್ಲ. ಗುಂಡಿಗೆ ಮಣ್ಣು ಹಾಕುವವರ ಹಾಗೆ ಒಬ್ಬರ ಹಿಂದೆ ಒಬ್ಬರು ಬಂದು, ಬಗ್ಗಿ, ಹಾಕಿ, ಕೈ ಝಾಡಿಸಿ, ಸರಿದು ನಿಲ್ಲುತ್ತಿದ್ದರು.

ಸಭೆ ಮುಗಿದ ಮೇಲೆ ಜೋಳವನ್ನೆಲ್ಲ ನೀನು ಸೆರಗಿಗೆ ಬಳಿದುಕೊಂಡೆ. “ಓಟು ಹಾಕೋದು ಮುಗೀತಲ್ರಿ, ಇನ್ನ ಓಟು ಬೀಸಿ ರೊಟ್ಟಿ ಮಾಡಬೇಕು.”

ಈ ಸೂಚಕವನ್ನು ಇಂಗ್ಲಿಷಿಗೆ ಸಾಗಿಸುವುದು ನನ್ನ ಪಾಲಿನ ಕೆಲಸ. ‘ಅಂತ್ಯಕ್ರಿಯೆಯ ಮೂಲಸೌಕರ್ಯಗಳ ಲಭ್ಯತೆ’ ಎನ್ನುವ ಅರ್ಥ ಬರುವಂತೆ ಏನೋ ಒಂದು ಮಾಡಿದೆ. ದಿಲ್ಲಿಯ ಕಚೇರಿಗೆ ಬಹಳ ಹಿಡಿಸಿತು. ಎಲ್ಲ ಬಸ್ತಿಗಳಿಂದ ನೀರು, ಕಕ್ಕಸು, ಶಾಲೆ ಎಂದು ಕೇಳಿ ಕೇಳಿ ಅವರಿಗೂ ಬೇಸರ ಬಂದಿರಬೇಕು. ಆದರೆ ಅವರ ಕೋಷ್ಟಕದಲ್ಲಿ ಪ್ರತಿ ಸೂಚಕದ ಎದುರಿಗೂ ಒಂದು ಬಾಣ ಹಾಕಬೇಕು. ಒಳ್ಳೆಯದಾದರೆ ಬಾಣ ಮೇಲಕ್ಕೆ. ಈ ಬಸ್ತಿಯಲ್ಲಿ ಹೂಳಲ್ಪಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಬೇಕು ಎಂದಾಯಿತು. “ವರ್ಷಕ್ಕೆ ಎಷ್ಟು ಜನ ಅಂತ ಗುರಿ ಹಾಕೋಣ?” ಎಂದು ಅಲ್ಲಿಂದ ಕೇಳಿದರಂತೆ. ಕುಮುದಾ ಇದನ್ನು ನನಗೆ ಹೇಳಿ ಅಳಬೇಕೋ ನಗಬೇಕೋ ತಿಳಿಯದೆ ಬಿಕ್ಕಿದಳು. ನಾನು ನಕ್ಕೆ. ಅದರ ಮೇಲೆ ಒಂದು ಅಂಕಣವನ್ನೂ ಬರೆದೆ. ಜನ ಮೆಚ್ಚಿಕೊಂಡರು.

ನೀನು ಮಾತ್ರ ಸೂಚಕವನ್ನು ಬೇರೆಯೇ ತರಹ ಅರ್ಥ ಮಾಡಿಕೊಂಡಿದ್ದೆ. ನೀನಷ್ಟೇ ಅಲ್ಲ, ಬಸ್ತಿಗೆ ಬಸ್ತಿಯೇ. ದೊಡ್ಡವರು ಬಂದು ಕೂತು, ಎಲ್ಲರನ್ನೂ ಕೇಳಿ, ಎಲ್ಲರ ಎದುರಿಗೆ ಬಣ್ಣದಲ್ಲಿ ಬರೆದುಕೊಂಡು, ದಿಲ್ಲಿಗೆ ಕಳಿಸಿ, ದಿಲ್ಲಿ ಒಪ್ಪಿದೆ ಎಂದ ಮೇಲೆ ಅದು ಹುಕುಂ ಅಲ್ಲದೆ ಮತ್ತೇನು? ಸೂಚಕ ಎಂದರೆ ಬರೀ ಅಳತೆಗೋಲವ್ವ, ಕಾಯಿದೆ ಅಲ್ಲ ಎಂದು ನಾನು ಒಮ್ಮೆ ಬಿಡಿಸಿ ಹೇಳಲು ನೋಡಿದೆ. “ಇರಲಿ ಬಿಡ್ರಿ ಮಾಸ್ತರ್ರ, ನೀವು ಹೆದರಬ್ಯಾಡ್ರಿ,” ಎಂದು ನನಗೇ ಧೈರ್ಯ ಹೇಳಿದೆ.

ಆ ಹುಕುಮಿನ ಬಲದ ಮೇಲೆ, ಸತ್ತವರನ್ನು ಹೂಳಲು ನೆಲ ಕೇಳಿಕೊಂಡು, ವಾರ್ಡ್ ಕಚೇರಿಗೆ ನೀವು ಹೆಂಗಸರು ನಡೆದ ನಡಿಗೆಗೆ ಅಲ್ಲಿಯ ಮೆಟ್ಟಿಲು ಸವೆದವು. ಕೊನೆಗೆ ಬೇಸತ್ತ ಒಬ್ಬ ಸಾಹೇಬ ನಾಲೆಯ ಆಚೆ, ಕಾರ್ಖಾನೆಗಳ ಬೂದಿ ಸುರಿಯುವ ಜಾಗದ ಪಕ್ಕ, ಯಾರಿಗೂ ಬೇಡವಾದ ಒಂದು ಪಟ್ಟಿ ನೆಲವನ್ನು ಬಾಯಿಮಾತಿನಲ್ಲಿ ತೋರಿಸಿದ. ನೀನು ಜಾಲಿ ಕಡಿದೆ, ಕಲ್ಲು ಆಯ್ದೆ, ಬೂದಿ ಗುಡಿಸಿದೆ. ಒಂದು ಜಾಲಿ ಗಿಡ ಮಾತ್ರ ನೆರಳಿಗೆಂದು ಉಳಿಸಿದೆ. ಮಗಳು ವಿಜಯಶ್ರೀ ಕಲ್ಲುಗಳಿಗೆ ಸುಣ್ಣ ಬಳಿದು ಗಡಿ ಇಟ್ಟಳು. ಬಸ್ತಿಯವರು ನಿನ್ನನ್ನು ಸುಡುಗಾಡು ಗದಿಗೆಮ್ಮ ಎಂದು ಕರೆಯತೊಡಗಿದರು. ಆ ಹೆಸರನ್ನು ನೀನು ಪದವಿಯ ಹಾಗೆ ಹೊತ್ತು ತಿರುಗಿದೆ.

ನೆಲ ಬಂತು, ಸಾಯುವವರು ಬರಲಿಲ್ಲ. ಶಾಂತಪ್ಪ ಮಳೆಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡನಲ್ಲ, ಅವನ ಮಕ್ಕಳು, “ಅಪ್ಪನ್ನ ಆ ಬೂದಿ ದಿಬ್ಬದಾಗ ಒಬ್ಬನ್ನೇ ಹೆಂಗ ಬಿಡೂದು?” ಎಂದು ಊರಿಗೆ ಒಯ್ದರು. ಮೊದಲನೆಯವನಾಗಲು ಯಾರೂ ತಯಾರಿಲ್ಲ. ನಡು ಅವಧಿಯ ಪರಿಶೀಲನೆಗೆ ದಿಲ್ಲಿಯ ಒಬ್ಬ ಸಾಹೇಬ ಬಂದು, ಖಾಲಿ ನೆಲದ ಮುಂದೆ ಕೈಕಟ್ಟಿ ನಿಂತು, ಜನ ಇದನ್ನು ಯಾಕೆ ಬಳಸುತ್ತಿಲ್ಲ ಎಂದು ಬೇಸರದಿಂದ ಕೇಳಿದ. ಬಂಡೆಪ್ಪ ಅಲ್ಲೇ ಇದ್ದ. “ಸಾಹೇಬ್ರಿಗಿ ಭಾಳ ಅರ್ಜೆಂಟ್ ಐತೇನ್ರಿ?” ಎಂದ. ಅದನ್ನು ನಾನು ಅನುವಾದ ಮಾಡಲಿಲ್ಲ. ನೀನು ಮಾತ್ರ ಹೊಟ್ಟೆ ಹಿಡಿದು ನಕ್ಕೆ. ನೀನೂ ಬಂಡೆಪ್ಪನೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನದನ್ನು ನಿನಗೆ ಹೇಳಬೇಕಾಗಿಲ್ಲ. ಆದರೂ ನೀನು ನೋಡದೆ ಉಳಿದ ಭಾಗ ಬಹಳ ಇದೆ, ಅದಕ್ಕೆ ಹೇಳುತ್ತೇನೆ.

ಗಾಜಿನ ಕಟ್ಟಡದ ಮಗ್ಗುಲಲ್ಲಿ ಇನ್ನೊಂದು ಕಟ್ಟಡ ಏಳುವುದಿತ್ತು. ಅದಕ್ಕೆ ಮೊದಲು ನೆಲ ತೋಡಬೇಕು. ಒಳಗೆ ಕೂರುವವರ ಕಾರುಗಳಿಗೆ ಮಣ್ಣಿನ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ಜಾಗ ಬೇಕಂತೆ. ಈ ಊರಲ್ಲಿ ಮಣ್ಣಿನೊಳಗೆ ಜಾಗ ಸಿಗುವುದು ಕಷ್ಟ ಎಂದು ಯಾರು ಹೇಳಿದರು? ಕಾರಾಗಿದ್ದರೆ ಸಿಗುತ್ತದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಗುಂಡಿಯ ಅಂಚಿಗೆ ಆಸರೆಯ ಹಲಗೆ ಕಟ್ಟಿರಲಿಲ್ಲ. ನೀನು ತಳದಲ್ಲಿ ಬುಟ್ಟಿ ತುಂಬುತ್ತಿದ್ದೆ. ಒಂದು ಹಿಡಿ ಮಣ್ಣಿಗಾಗಿ ಅಷ್ಟು ಸಲ ಕಚೇರಿ ಸುತ್ತಿದವಳ ಮೇಲೆ ಇಡೀ ಗೋಡೆ ಮಣ್ಣು ಕುಸಿದು ಬಂತು. ಇಲ್ಲಿ ಒಂದು ತಮಾಷೆಯ ಮಾತು ಹೊಳೆಯಬೇಕಿತ್ತು. ಇಷ್ಟು ವರ್ಷ ಬರೆದಿದ್ದೇನೆ, ಹೊಳೆಯಲಿಲ್ಲ.

ನಿನ್ನನ್ನು ಅಗೆದು ತೆಗೆಯುವಷ್ಟರಲ್ಲಿ ಟೆಂಪೋ ಬಂದಿತ್ತು. ಬಂಡೆಪ್ಪ ನಿನ್ನನ್ನು ಚಾದರದಲ್ಲಿ ಸುತ್ತಿಸಿ ಮೇಲೆ ಹಾಕಿಸಿದ. ಇಷ್ಟು ಸಲ ಇದೇ ಕೆಲಸ ಮಾಡಿ ಅವನ ಕೈ ಪಳಗಿತ್ತು. ಆದರೆ ಟೆಂಪೋದ ಗಾಲಿ ಉರುಳಲಿಲ್ಲ. ಅನ್ನಮ್ಮ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಆಮೇಲೆ ಉಳಿದವರೂ ಬುಟ್ಟಿ ಸಲಿಕೆ ಬಿಸಾಕಿ ಬಂದು ನಾಲ್ಕೂ ಗಾಲಿಗಳಿಗೆ ಅಂಟಿ ಕೂತರು. ವಿಜಯಶ್ರೀ ಟೆಂಪೋದೊಳಗೆ ಹತ್ತಿ ನಿನ್ನ ಕಾಲು ಹಿಡಿದುಕೊಂಡಿದ್ದಳು.

“ಏಳ್ರಬೇ, ಊರಿಗೆ ಒಯ್ಯೂಣು. ಅಕಿ ಮಂದಿ ಅಲ್ಲಿ ಕಾಯ್ತಿರ್ತಾರ,” ಎಂದ ಬಂಡೆಪ್ಪ.

“ಅಕಿ ಮಂದಿ ಇಲ್ಲೇ ಕುಂತೀವಿ, ಕಣ್ಣು ಹೋಗ್ಯಾವೇನು ನಿಂದು?” ಎಂದಳು ಅನ್ನಮ್ಮ.

ನಾನೂ ಕುಮುದಾಳೂ ಸುದ್ದಿ ಕೇಳಿ ಓಡಿ ಬರುವ ಹೊತ್ತಿಗೆ ಇನ್‌ಸ್ಪೆಕ್ಟರನೂ ಬಂದಿದ್ದ. ಇಷ್ಟು ಹೆಂಗಸರು ರಸ್ತೆಯ ಪಕ್ಕ ಕೂತರೆ ಪೊಲೀಸರಿಗೂ ಸುದ್ದಿ ಮುಟ್ಟುತ್ತದೆ. ಅವನು ಕೆಟ್ಟವನ ಹಾಗೆ ಕಾಣಲಿಲ್ಲ, ಊಟ ಬಿಟ್ಟು ಬಂದವನ ಹಾಗೆ ಕಂಡ. ಹೆಣ ಊರಿಗೆ ಹೋದರೆ ನಿಮಗೇ ಒಳ್ಳೆಯದಲ್ಲವೇ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದ. ಅನ್ನಮ್ಮ ಒಂದೇ ಮಾತು ಹಿಡಿದಿದ್ದಳು: “ಆಗಂಗಿಲ್ರಿ. ಸೂಚಕ ಐತಿ.” ಹಿಂದಿನಿಂದ ಉಳಿದವರೂ, “ಸೂಚಕ ಐತ್ರಿ, ಸೂಚಕ ಐತ್ರಿ,” ಎಂದು ಶುರುಮಾಡಿದರು. ಆ ಪದ ಇನ್‌ಸ್ಪೆಕ್ಟರನನ್ನು ತಡೆಯಿತು. ಇಷ್ಟು ಧೈರ್ಯದಿಂದ ಹೇಳುವುದಾದರೆ ಮೇಲಿನಿಂದ ಯಾವುದೋ ಹೊಸ ಆದೇಶ ಬಂದಿರಬೇಕು, ತನಗೆ ಮುಟ್ಟಿಲ್ಲ ಎಂದು ಅವನಿಗೆ ಅನಿಸಿತೋ ಏನೋ.

“ಏಮಿಟಮ್ಮಾ ಆ ಸೂಚಕಂ? ಎವರಿಚ್ಚಾರು?” ಎಂದ. ಏನದು, ಯಾರು ಕೊಟ್ಟರು ಎಂದು.

ಅನ್ನಮ್ಮ ಗಾಲಿಯಿಂದ ಬೆನ್ನು ಎತ್ತದೆ, ತನಗೆ ಬರುವ ತೆಲುಗಿನಲ್ಲಿ, “ಮೇಮೇ ಇಚ್ಚಾಂ ಸಾರ್,” ಎಂದಳು. ನಾವೇ ಕೊಟ್ಟೆವು.

ಇನ್‌ಸ್ಪೆಕ್ಟರ್ ಕುಮುದಾಳ ಕಡೆ ತಿರುಗಿ, ಇದು ನಿಜವೇ, ಮಂಜೂರಾಗಿದೆಯೇ ಎಂದು ಕೇಳಿದ. ದಿಲ್ಲಿಯ ಕಚೇರಿ ಒಪ್ಪಿ ಬಾಣ ಹಾಕಿದ್ದು ನಿಜವೇ ತಾನೇ? “ಹೌದು ಸರ್, ದಿಲ್ಲಿಯಿಂದ ಮಂಜೂರಾಗಿದೆ,” ಎಂದಳು. ನಾನು ಅವಳ ಪಕ್ಕ ನಿಂತು, ಎಲ್ಲ ಬಲ್ಲವನ ಹಾಗೆ ಗಂಭೀರವಾಗಿ ತಲೆಯಾಡಿಸಿದೆ. ಅಂಕಣಕಾರನಿಗೆ ಅಷ್ಟು ನಟನೆ ಬರುತ್ತದೆ.

ಹೀಗೆ ನೀನು ಊರಿಗೆ ಹೋಗಲಿಲ್ಲ. ಪಂಚನಾಮೆ ಆಯಿತು, ದವಾಖಾನೆಯಲ್ಲಿ ಕೊಯ್ದು ಹೊಲಿದರು, ಗದಿಗೆಮ್ಮ ಎಂಬಾಕೆ ಈ ನಗರದಲ್ಲಿ, ಈ ಗುಂಡಿಯಲ್ಲಿ, ಈ ಮಣ್ಣಿನ ಕೆಳಗೆ ಸತ್ತಳು ಎಂದು ಸರಕಾರ ಮೊದಲ ಬಾರಿಗೆ ಒಪ್ಪಿತು. ಕಾಗದದ ಪ್ರಕಾರ ನಿಮ್ಮ ಬಸ್ತಿಯಿಂದ ಇಲ್ಲಿ ಸತ್ತ ಮೊದಲ ವ್ಯಕ್ತಿ ನೀನು. ಮರುದಿನ ಮಧ್ಯಾಹ್ನ ಆ ಜಾಲಿ ಗಿಡದ ಬುಡದಲ್ಲಿ ಗುಂಡಿ ತೋಡಿದರು. ಒಬ್ಬೊಬ್ಬರೇ ಬಂದು, ಬಗ್ಗಿ, ಹಿಡಿ ಮಣ್ಣು ಹಾಕಿ ಸರಿದರು. ಕುಮುದಾ ಹಾಕಿದಳು. ನಾನು ಹಾಕಿದೆ. ಬಂಡೆಪ್ಪ ನಾಲೆಯ ಈಚೆ ದಂಡೆಯಲ್ಲಿ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ. ದಾಟಿ ಬರಲಿಲ್ಲ, ಹೋಗಲೂ ಇಲ್ಲ.

ವಿಜಯಶ್ರೀ ಮಾತ್ರ ಮುಷ್ಟಿ ಬಿಚ್ಚಲಿಲ್ಲ. ಮಣ್ಣು ಹಿಡಿದು ಗುಂಡಿಯ ಅಂಚಿನಲ್ಲಿ ನಿಂತೇ ಇದ್ದಳು. ನಿನ್ನನ್ನು ಕೊಂದದ್ದೂ ಮಣ್ಣೇ ಅಲ್ಲವೇ. ಅನ್ನಮ್ಮ ಅವಳ ಮೊಣಕೈ ಹಿಡಿದು, “ಬಿಡವ್ವಾ. ಭಾರ ಆಗಂಗಿಲ್ಲ ಅವ್ವಗ. ನೀ ಹಾಕಿದ್ದು ಭಾರ ಆಗಂಗಿಲ್ಲ,” ಎಂದಳು. ಆಮೇಲೆ ಬೆರಳು ಒಂದೊಂದಾಗಿ ಸಡಿಲವಾದವು. ನಿನಗೆ ದಕ್ಕದಿದ್ದದ್ದು ನಿನ್ನ ಮಗಳಿಗೆ ದಕ್ಕಿತು. ಯಶೋಗಾಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕುಮುದಾ ಕೇಳಿದ ಒಂದು ಪುಟ ಆಗುತ್ತದೆ.

ಮುಂದಿನ ಪುಟ ಹೀಗಿದೆ. ಸಾವು ಕಾಗದಕ್ಕೆ ಏರಿದ್ದರಿಂದ ಕೆಲಸ ಕೆಲವು ದಿನ ನಿಂತಿತು. ಕಾಂಟ್ರಾಕ್ಟರನಿಗೆ ನಿಮ್ಮ ಬಸ್ತಿಯವರು ತಂಟೆಯ ಜನ ಎಂದು ತಿಳಿಯಿತು. ಇಲ್ಲಿಯೇ ಸಾಯುತ್ತೇವೆ ಎನ್ನುವ ಕೂಲಿಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಇನ್ನೂ ದೂರದ ಊರಿನವರು, ಇನ್ನೂ ಬೇರೆ ಭಾಷೆಯವರು ಬಂದರು. ಲಾರಿ ನಿಮ್ಮ ಬಸ್ತಿಗೆ ಬರುವುದು ನಿಂತಿತು. ಗುಡಿಸಲುಗಳಿದ್ದ ನೆಲದ ಮಾಲೀಕರೊಬ್ಬರು ಅದುವರೆಗೆ ಎಲ್ಲಿದ್ದರೋ, ಒಂದು ಬೆಳಿಗ್ಗೆ ಜೆಸಿಬಿಯ ಜೊತೆ ಪ್ರತ್ಯಕ್ಷರಾದರು. ಅನ್ನಮ್ಮ, “ಸೂಚಕ ಐತ್ರಿ!” ಎಂದು ಜೆಸಿಬಿಯ ಮುಂದೆ ನಿಂತಳಂತೆ. ಹುಡುಕಿದರೆ ಅಂಥದ್ದೊಂದು ಇರಲೇ ಇಲ್ಲ. ನಾವು ಬರೆದುಕೊಂಡದ್ದು ಸತ್ತವರು ಇಲ್ಲೇ ಉಳಿಯಬೇಕು ಎಂದು. ಬದುಕಿದವರೂ ಉಳಿಯಬೇಕು ಎಂದು ಅವತ್ತಿನ ಸಭೆಯಲ್ಲಿ ಯಾರೂ ಹೇಳಿರಲಿಲ್ಲ. ಅದನ್ನು ಹೇಳುವ ಅಗತ್ಯವಿದೆ ಎಂದು ಯಾರಿಗೂ ತೋಚಿರಲಿಲ್ಲ. ರಂಗೋಲಿಯ ಮನೆಗಳಲ್ಲಿ ಅದಕ್ಕೊಂದು ಮನೆ ಇರಲಿಲ್ಲ.

ಹೋಗುವವರು ಹೋದರು. ಕೆಲವರು ಮೆಹದಿಪಟ್ಟಣಂ ಆಚೆಯ ಹೊಸ ಕಟ್ಟಡಗಳಿಗೆ, ಕೆಲವರು ಊರಿಗೆ. ಬದುಕಿಯೇ ಹೋದರು ಎನ್ನುವುದು ಸಮಾಧಾನ. ಕೊನೆಯ ಮೌಲ್ಯಮಾಪನಕ್ಕೆ ತಂಡ ಬಂದಾಗ ಬಸ್ತಿಯ ಜಾಗದಲ್ಲಿ ಒಲೆಯ ಕಲ್ಲುಗಳಿದ್ದವು, ನಲ್ಲಿ ಇತ್ತು. ನಲ್ಲಿಯ ಮುಂದೆ ಜಗಳ ಪೂರ್ತಿ ನಿಂತಿತ್ತು. ಶಾಂತಪ್ಪನ ಸೂಚಕವೂ ಈಡೇರಿತು, ಆ ಸಲದ ನಂತರ ಸಂಸ್ಥೆಯವರು ಬರುವುದನ್ನು ಬಿಟ್ಟರು. ದಿಲ್ಲಿಯ ಕೋಷ್ಟಕದಲ್ಲಿ ನಿನ್ನ ಸೂಚಕದ ಎದುರಿಗೆ ಬಾಣ ಮೇಲಕ್ಕೆ ಹೋಗಿದೆ, ಮನೆಗೆ ಹಸಿರು ಬಣ್ಣ ತುಂಬಿದ್ದಾರೆ: ‘ಗುರಿ ಸಾಧಿಸಲಾಗಿದೆ’. ಅದರಲ್ಲಿ ಸುಳ್ಳೇನೂ ಇಲ್ಲ. ಬಸ್ತಿಗೆ ಬಸ್ತಿಯೇ ಎದ್ದು ಹೋಗಿದೆ. ಉಳಿದವಳು ನೀನೊಬ್ಬಳೇ.

ನಿನ್ನೆ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಅನ್ನಮ್ಮನೂ ವಿಜಯಶ್ರೀಯೂ ಸಿಕ್ಕರು. ಹುಡುಗಿ ಅನ್ನಮ್ಮನ ಜೊತೆಯೇ ಇದ್ದಾಳೆ. ಎತ್ತರವಾಗಿದ್ದಾಳೆ, ಮಾತು ಕಡಿಮೆ. ಅನ್ನಮ್ಮ ನನ್ನನ್ನು ನೋಡಿದ್ದೇ, “ಮಾಸ್ತರ್ರ, ಇನ್ನಾ ನಗಸಾಕತ್ತೀರೇನ್ರಿ ಮಂದಿನ್ನ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಬಸ್ಸು ಬಂತು. ವಿಜಯಶ್ರೀ ಹತ್ತುವ ಮೊದಲು ತಿರುಗಿ, “ನಾಲಿ ಮಗ್ಗಲಾ ಕೆಂಪು ಬಣ್ಣ ಹಚ್ಚಿ ಕಲ್ಲು ನೆಟ್ಟಾರಂತ್ರಿ, ರೋಡ್ ಬರತೈತಂತ. ಅವ್ವನ್ನ ಯಾರರ ಎಬ್ಬಸ್ತಾರೇನ್ರಿ ಮಾಸ್ತರ್ರ?” ಎಂದು ಕೇಳಿದಳು. ಇಲ್ಲವ್ವ ಎಂದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ.

ಇವತ್ತು ಬೆಳಿಗ್ಗೆ ನಾಚಾರಂಗೆ ಬಂದಿದ್ದೆ. ಬರಿಗೈಯಲ್ಲಿ ಬಂದೆ ಎನ್ನುವಂತಿಲ್ಲ, ಒಂದು ಹಿಡಿ ಜೋಳ ತಂದಿದ್ದೆ. ಹುಡುಗಿ ಹೇಳಿದ್ದು ನಿಜ. ಕೆಂಪು ಬಣ್ಣದ ಕಲ್ಲು ನಿನ್ನ ಸುಣ್ಣದ ಕಲ್ಲುಗಳ ಒಳಗೆ ಬಂದಿದೆ. ಜಾಲಿ ಗಿಡದ ಕಾಂಡಕ್ಕೂ ಒಂದು ಕೆಂಪು ಗೀಟು ಎಳೆದಿದ್ದಾರೆ. ಜೋಳವನ್ನು ನಿನ್ನ ಮೇಲೆ ಸುರಿದು ಬಂದೆ. ಗುಬ್ಬಿಗಳು ನಾನು ನಾಲೆ ದಾಟುವ ಮೊದಲೇ ಇಳಿದವು. ಓಟು ಹಾಕಿಯಾಯಿತು, ತಿನ್ನುವವರು ತಿನ್ನಲಿ.

ಕುಮುದಾಳಿಗೆ ಯಶೋಗಾಥೆ ಆಗಲಿಲ್ಲ ಎಂದು ಹೇಳಿ ಕಳಿಸುತ್ತೇನೆ. ಭರವಸೆ ಕೊನೆಗೆ ನೋಡೋಣ ಎಂದಿದ್ದೆ, ಕೊನೆ ಬಂತು. ನನ್ನ ಹತ್ತಿರ ಇರುವುದು ಇಷ್ಟೇ. ಬದುಕಿದ್ದಾಗ ನಿನ್ನನ್ನು ಒಂದು ಕಡೆ ಕೂರಿಸುವುದು ಯಾರಿಂದಲೂ ಆಗಲಿಲ್ಲ; ಈಗ ಕೂತಿದ್ದೀ. ನಿನ್ನ ಮೇಲೆ ಇರುವ ಮಣ್ಣು ಒಂದೊಂದು ಹಿಡಿಯಾಗಿ ಬಂದದ್ದು, ಹಾಕಿದ ಕೈಗಳು ನನಗೆ ನೆನಪಿವೆ. ನಿನಗೆ ನೆಲ ತಂಪಾಗಿರಲಿ. ಮಳೆ ನಿಧಾನವಾಗಿ ಬೀಳಲಿ. ನಾಳೆ ಯಾರಾದರೂ ಟೆಂಪೋ ತಂದು, ಜೆಸಿಬಿ ತಂದು, ನಕ್ಷೆ ತಂದು, ನಯವಾದ ಮಾತು ತಂದು ಕರೆದರೂ, ಗದಿಗೆಮ್ಮ, ಏಳಬೇಡ.

ನಿನ್ನ ಮಾತನ್ನು ಇಂಗ್ಲಿಷಿಗೆ ಒಯ್ದು ಅಲ್ಲೇ ಬಿಟ್ಟು ಬಂದ,
ಅಮೃತಪ್ಪ ಮಾಸ್ತರ